ನಾನು ಬಿಚ್ಚಿದ ಕೆಂಪು ಚೀಟಿ

ಆ ಮೀನನ್ನು ಹಿಡಿದದ್ದು ನಾನು. ಬಸಣ್ಣನಲ್ಲ.

ಹನ್ನೆರಡು ವರ್ಷ ಈ ಎರಡು ವಾಕ್ಯ ನನ್ನ ಬಾಯಿಂದ ಹೊರಗೆ ಬರಲಿಲ್ಲ. ಈಗ ಬರೆದು ನೋಡಿದರೆ ಎಷ್ಟು ಚಿಕ್ಕವು — ಅರ್ಧ ಉಸಿರಿಗೆ ಮುಗಿದುಹೋಗುತ್ತವೆ. ಆ ದಿನ ಕೆರೆ ಏರಿಯ ಮೇಲೆ ಇವನ್ನೇ ಹೇಳಿದ್ದರೆ... ಹೇಳಲಿಲ್ಲ. ಸುಮ್ಮನಿದ್ದೆ ಎಂದೂ ಅಲ್ಲ. ಬೇರೆ ಒಂದು ಮಾತು ಆಡಿದೆ. ಆ ಮಾತನ್ನು ಮುಂದೆ ಬರೆಯುತ್ತೇನೆ. ಅದಕ್ಕೆ ಇನ್ನೂ ಸ್ವಲ್ಪ ಧೈರ್ಯ ಬೇಕು.

ನನ್ನ ಹೆಸರು ಯಶೋದಾ. ಭೀಮಾ ನದಿಯ ದಂಡೆಯ ಅಂಬಿಗರ ಮನೆಯ ಮಗಳು. ಮದುವೆಯಾಗಿ ಹೈದರಾಬಾದಿಗೆ ಬಂದೆ, ನಾಚಾರಂನಲ್ಲಿ ಮನೆ ಮಾಡಿದೆವು, ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ಕೆಲಸ ಅಂದರೆ ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಅಳತೆ ತಪ್ಪಿದ ಭಾಗ ಕಂಡರೆ ಗಟ್ಟಿ ರಟ್ಟಿನ ಕೆಂಪು ಚೀಟಿಯೊಂದನ್ನು ತಂತಿಯಿಂದ ಅದಕ್ಕೆ ಕಟ್ಟಿ ಸಹಿ ಹಾಕುತ್ತಿದ್ದೆ. ಕೆಂಪು ಚೀಟಿ ಬಿದ್ದ ವಸ್ತುವನ್ನು ಯಾರೂ ಮುಟ್ಟುವಂತಿಲ್ಲ. ಯಾರ ಸಹಿ ಇದೆಯೋ ಅವರೇ ಬಿಚ್ಚಬೇಕು. ಬೇರೆಯವರು ಬಿಚ್ಚಿದರೆ ಅದು ನಮ್ಮ ಕಾರ್ಖಾನೆಯಲ್ಲಿ ಕಳ್ಳತನಕ್ಕಿಂತ ದೊಡ್ಡ ತಪ್ಪು.

ವಾರವೆಲ್ಲ ಹೀಗೆ ಕಬ್ಬಿಣದ ನಡುವೆ ಕಳೆದು, ಭಾನುವಾರ ಕೆರೆಗೆ ಹೋಗುತ್ತಿದ್ದೆ. ಶಾಮೀರಪೇಟೆ ದಾಟಿ ಒಳಗೆ ಒಂದು ಚಿಕ್ಕ ಕೆರೆ. ಹಳ್ಳಿಯ ಮೀನುಗಾರರು ವಾರಕ್ಕೊಂದು ದಿನ ನಮ್ಮಂಥ ಗಾಳದ ಹುಚ್ಚರಿಗೆ ಜಾಗ ಬಿಟ್ಟುಕೊಟ್ಟಿದ್ದರು. ನಾವು ಆರೇಳು ಜನ, ಹೆಣ್ಣು ನಾನೊಬ್ಬಳೇ. ನಮಗೆಲ್ಲ ಹಿರಿಯರು ನಮ್ಮ ಕಾರ್ಖಾನೆಯ ಟೂಲ್ ರೂಮಿನ ಕುಲಕರ್ಣಿಯವರು, ಧಾರವಾಡದವರು. ಮೀನು ಬಾಯಿಗೆ ಹಾಕದ ಮನುಷ್ಯ. ಹಿಡಿಯುತ್ತಿದ್ದರು, ಒದ್ದೆ ಕೈಯಿಂದ ಕೊಕ್ಕೆ ಬಿಡಿಸುತ್ತಿದ್ದರು, ಏನೋ ಗುಟ್ಟು ಹೇಳುವವರಂತೆ ಬಗ್ಗಿ ನೀರಿಗೆ ಬಿಡುತ್ತಿದ್ದರು.

“ತಿನ್ನಂಗಿಲ್ಲ ಅಂದ್ರ ಯಾಕ ಹಿಡೀತೀರಿ ಸರ?” ಎಂದು ನಾವು ಕೆಣಕುತ್ತಿದ್ದೆವು.

“ನಾ ಮೀನ ಮಾತಾಡಸ್ಲಿಕ್ಕೆ ಬರ್ತೀನವಾ. ಊಟಾ ಮನ್ಯಾಗ ಅದ” ಎನ್ನುತ್ತಿದ್ದರು.

ಗಾಳ ಹಾಕುವವರಿಗೆ ಪಂಚಾಂಗ ಬೇರೆ. ಚಳಿಗಾಲದಲ್ಲಿ ನೀರು ತಣ್ಣಗೆ, ಮೀನಿಗೆ ಮೈ ಭಾರ. ಬಿಸಿಲು ಏರಿದ ಮೇಲೆ ತೆಳು ದಾರಕ್ಕೆ ಸಣ್ಣ ಬೆಂಡು ಕಟ್ಟಿ ಕೂರಬೇಕು. ಬೆಂಡು ಒಂದಿಷ್ಟು ಅಲ್ಲಾಡಿದರೂ ಅದು ಗಾಳಿಯೋ ಮೀನೋ ಎಂದು ಯೋಚಿಸುತ್ತ ಮಧ್ಯಾಹ್ನವೇ ಕಳೆದುಹೋಗುತ್ತದೆ. ಬೇಸಿಗೆ ರೋಹುವಿನ ಕಾಲ. ಗೋಧಿ ಹಿಟ್ಟಿಗೆ ಶೇಂಗಾ ಹಿಂಡಿ, ಚಿಟಿಕೆ ಇಂಗು ಸೇರಿಸಿ ಮಿದ್ದ ಉಂಡೆ. ಒಬ್ಬೊಬ್ಬರದು ಒಂದೊಂದು ಪಾಕ, ಯಾರೂ ಯಾರಿಗೂ ಹೇಳುವುದಿಲ್ಲ. ಮೃಗಶಿರಾ ಮಳೆ ಬಂದು, ಆ ದಿನ ಮೀನು ತಿನ್ನಲೇಬೇಕೆಂಬ ಇಲ್ಲಿನ ರೂಢಿಗೆ ಊರೆಲ್ಲ ಮೀನಿನ ಅಂಗಡಿಗೆ ನುಗ್ಗಿದ ದಿನ ನಾವು ಗಾಳ ಕಟ್ಟಿಡುತ್ತಿದ್ದೆವು — ಹೊಸ ನೀರಿಗೆ ಮೀನು ಮೊಟ್ಟೆಯಿಡಲು ಏರುವ ಹೊತ್ತು. ಆಮೇಲೂ ಕೆರೆಗೆ ಹೋಗುತ್ತಿದ್ದದ್ದು ಯಾರ ಗಾಳಕ್ಕೂ ಸುಲಭವಾಗಿ ಬೀಳುವ ಸಣ್ಣ ಜಿಲೇಬಿ ಮೀನು ಹಿಡಿಯಲು, ಹರಟೆಗೆ, ಸುಮ್ಮನೆ ನೀರು ನೋಡಲು. ನವರಾತ್ರಿಗೆ ನೀರು ತಿಳಿಯಾಗುತ್ತದೆ. ಆಗ ಕೊರಮೀನಿನ ಕಾಲ.

ಕೊರಮೀನು ಗೊತ್ತಲ್ಲ — ಹಾವಿನ ತಲೆಯ ಕಪ್ಪು ಮೀನು, ಈ ಸೀಮೆಯವರಿಗೆ ಪ್ರಾಣ. ಅದಕ್ಕೆ ರಬ್ಬರಿನ ಕಪ್ಪೆ ಬೇಕು. ಅಂತರಗಂಗೆಯ ಎಲೆಗಳ ಮೇಲೆ ಆ ಕಪ್ಪೆಯನ್ನು ಎಸೆದು, ಕುಪ್ಪಳಿಸುವ ಹಾಗೆ ಎಳೆದುಕೊಳ್ಳುತ್ತ ಬರಬೇಕು. ನೀರು ಸಿಡಿಯುತ್ತದೆ, ಕಪ್ಪೆ ಮಾಯವಾಗುತ್ತದೆ. ಆಗ ಎಳೆಯಬಾರದು. ಹಸಿದ ಮೀನು ಅದನ್ನು ಒಳಕ್ಕೆ ನುಂಗಲು ಸ್ವಲ್ಪ ಹೊತ್ತು ಕೊಡಬೇಕು. ಒಂದು... ಎರಡು... ಎಂದು ಎಣಿಸಿ ಆಮೇಲೆ ಕೋಲು ಎತ್ತಬೇಕು. ಈ ಎಣಿಕೆಯನ್ನು ನೆನಪಿಡಿ. ನನಗೆ ನಾನೇ ಸಿಕ್ಕಿಬಿದ್ದದ್ದು ಇದರಲ್ಲೇ.

ನನಗೆ ನಾಲ್ಕು ವರ್ಷ ಒಂದು ದೊಡ್ಡ ಕೊರಮೀನೂ ಸಿಕ್ಕಿರಲಿಲ್ಲ. ಗಂಡಸರಿಗೆಲ್ಲ ಒಂದಲ್ಲ ಒಂದು ಸಿಕ್ಕಿತ್ತು. “ಅಕ್ಕಾರು ಜಿಲೇಬಿ ಸ್ಪೆಷಲಿಸ್ಟ್” ಎಂದು ನಗುತ್ತಿದ್ದರು. ಪ್ರೀತಿಯ ನಗುವೇ. ನಾನೂ ನಗುತ್ತಿದ್ದೆ. ಆದರೆ ನಾನು ಅಂಬಿಗರವಳು, ನಡೆಯುವ ಮೊದಲೇ ದೋಣಿಯಲ್ಲಿ ಕೂತವಳು — ಮನೆಗೆ ಹೋಗಿ ಬುಟ್ಟಿ ತೊಳೆಯುವಾಗ ಆ ನಗು ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಬಸಣ್ಣ ಬಂದದ್ದು ಆ ವರ್ಷದ ಬೇಸಿಗೆಯಲ್ಲಿ. ಮಾದಾಪುರದಲ್ಲಿ ಏಳುತ್ತಿದ್ದ ಒಂದು ಕಟ್ಟಡಕ್ಕೆ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಮೂವತ್ತರ ಆಸುಪಾಸು, ಸಣಕಲು ಮೈ. ಭಾನುವಾರ ಎರಡು ಬಸ್ಸು ಬದಲಿಸಿ, ಒಂದು ಬಿದಿರಿನ ಕೋಲು ಹಿಡಿದು, ನಮ್ಮಿಂದ ದೂರದಲ್ಲಿ ಕೂತಿದ್ದ. ತನ್ನಷ್ಟಕ್ಕೇ ಏನೋ ಗೊಣಗಿದ್ದು ಕುಲಕರ್ಣಿಯವರ ಕಿವಿಗೆ ಬಿತ್ತು. ಕನ್ನಡ!

“ಯಾವ ಕಡೆಯಂವಪಾ ನೀ?”

“ಭೀಮಾ ದಂಡಿ ಕಡ್ಯಾಂವ್ರಿ ಸರ.”

“ನಮ್ಮ ಯಶೋದಾಬಾಯೀನೂ ಅಲ್ಲಿಯಾಕಿನ. ಬಾ, ಇಲ್ಲೆ ಕೂಡು ಬಾ.”

ಅಂದಿನಿಂದ ಅವನು ನಮ್ಮವನಾದ. ನನ್ನನ್ನು ಅಕ್ಕಾರ ಎಂದ. ನಮ್ಮ ರೀಲು, ಕಾರ್ಬನ್ ಕೋಲು ಯಾವುದೂ ಅವನಿಗೆ ಬೇಡ. ಅವನು ಕಿವಿಯಿಂದ ಮೀನು ಹುಡುಕುತ್ತಿದ್ದ. ಆಷಾಢದ ಒಂದು ಬೆಳಗ್ಗೆ ತೂಬಿನ ಮೂಲೆಯ ಜೊಂಡಿನ ಹತ್ತಿರ ನಿಂತವನು ಕೈ ಎತ್ತಿದ. “ಅಕ್ಕಾರ, ಸ್ವಲ್ಪ ಸುಮ್ನ ನಿಂದರ್ರಿ. ಕೇಳ್ರಿ... ಮರಿ ಉಸುರು ತಗೊಳ್ಳಾಕತ್ತಾವ.”

ನಾನು ಬಗ್ಗಿ ನೋಡಿದೆ. ಜೊಂಡಿನ ನಡುವೆ ತಟ್ಟೆಯಗಲದ ನೀರು ಕೆಂಪಗೆ ನಡುಗುತ್ತಿತ್ತು. ಅಕ್ಕಿ ಕುದಿಯಲು ಶುರುವಾದಾಗಿನ ಹಾಗೆ ಸಣ್ಣ ಸಣ್ಣ ಗುಳ್ಳೆ. ನೂರಾರು ಕೊರಮೀನಿನ ಮರಿಗಳು, ಕೇಸರಿ ದಾರದ ತುಂಡುಗಳಂತೆ, ಒಟ್ಟಿಗೆ ಮೇಲೆ ಬಂದು ಗಾಳಿ ಗುಟುಕರಿಸಿ ಒಟ್ಟಿಗೆ ಇಳಿಯುತ್ತಿದ್ದವು. ಅವುಗಳ ಕೆಳಗೆ, ನೀರಿನ ಹಸಿರು ಕಪ್ಪಾಗುವ ಕಡೆ, ತೋಳಿನಷ್ಟು ದಪ್ಪದ ಒಂದು ನೆರಳು ಅಲ್ಲಾಡದೆ ನಿಂತಿತ್ತು. ಮರಿ ಚದುರುವ ತನಕ, ತಿಂಗಳೋ ಮತ್ತೂ ಕೆಲವು ದಿನವೋ, ದೊಡ್ಡ ಮೀನು ಹೀಗೆ ಕಾಯುತ್ತದೆ. ಆ ಹೊತ್ತಿನಲ್ಲಿ ಅದರ ತಲೆಯ ಮೇಲೆ ಏನು ಬಿದ್ದರೂ ಹೊಡೆಯುತ್ತದೆ — ಹಸಿವಿಗಲ್ಲ, ಓಡಿಸಲು. ಅದಕ್ಕೇ ಅದನ್ನು ಹಿಡಿಯುವುದು ಬಲು ಸುಲಭ, ಅದಕ್ಕೇ ಹಿಡಿಯಬಾರದು. ಕೂಸಿದ್ದಾಗಲೇ ನನ್ನ ಅಪ್ಪ ಹೇಳಿಕೊಟ್ಟಿದ್ದ ಮೊದಲ ಪಾಠವೂ ಇದೇ.

ಕುಲಕರ್ಣಿಯವರು ಚೀಲದಿಂದ ಒಂದು ಕೆಂಪು ಚೀಟಿ ತೆಗೆದರು. ಮರಿ ಕಂಡ ಕಡೆ ಜೊಂಡಿಗೆ ಕೆಂಪು ಚೀಟಿ ಕಟ್ಟುವುದು ಅವರೇ ಹಾಕಿಕೊಟ್ಟ ರೂಢಿ. ಹೊಸ ಚೀಟಿಗೆ ಸಹಿ ಹಾಕಿ ಕೊಡುವುದು ನನ್ನ ಪಾಲು. ನಮ್ಮ ಗುಂಪು ಕಾರ್ಖಾನೆಯವರದು, ಆ ಬಣ್ಣ ಕಂಡರೆ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ತಂತಿ ತಿರುಚಿ ಕಟ್ಟಿದರು. ಒಳಗೆ ನನ್ನ ಸಹಿ ಕಾಣುತ್ತಿತ್ತು.

ಆಮೇಲಿನ ಭಾನುವಾರಗಳಲ್ಲಿ ಬಸಣ್ಣ ಗಾಳವನ್ನೇ ಹಾಕಲಿಲ್ಲ. ಬಂದು, ಆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಒಮ್ಮೆ ನನಗೆ ಹೇಳಿದ: “ನಾ ನನ್ನ ಎರಡು ಹುಡಿಗ್ಯಾರ್ನ ಊರಾಗ ಅವರ ಆಯಿ ಹಂತ್ಯಾಕ ಬಿಟ್ಟ ಬಂದೀನ್ರಿ ಅಕ್ಕಾರ. ಇದು ನೋಡ್ರಿ — ಬಿಟ್ಟು ಹೋಗವಲ್ದು.” ಹೇಳಿ ನಕ್ಕ. ನಾನೂ ನಕ್ಕು, ಚಹಾ ಕೊಟ್ಟೆ. ಅವನ ಊರು ಯಾವುದು, ಮಕ್ಕಳ ಹೆಸರೇನು — ಕೇಳಲಿಲ್ಲ.

ಶ್ರಾವಣದ ಒಂದು ಶನಿವಾರ ನಮಗೆ ರಜೆ ಇತ್ತು. ಯಜಮಾನರು ಬೇಗಂಪೇಟೆಯ ತಮ್ಮ ಆಫೀಸಿಗೆ ಹೊರಡುವ ಮೊದಲೇ ನಾನು ಸ್ಕೂಟರ್ ಹತ್ತಿ ಕೆರೆಗೆ ಬಂದೆ. ನಮ್ಮ ದಿನವಲ್ಲ, ಏರಿಯ ಮೇಲೆ ಯಾರೂ ಇರಲಿಲ್ಲ. ಸುಮ್ಮನೆ ಎಸೆತ ಅಭ್ಯಾಸ ಮಾಡಿಕೊಂಡು ಹೋಗೋಣ — ಹೀಗೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಅಭ್ಯಾಸಕ್ಕೆ ಬಂದವಳು ಕಪ್ಪೆಯ ಕೊಕ್ಕೆಗಳನ್ನು ಹಿಂದಿನ ಸಂಜೆಯೇ ಅರದಿಂದ ಉಜ್ಜಿ ಚೂಪು ಮಾಡಿಟ್ಟುಕೊಂಡದ್ದು ಏಕೆ? ಈ ಪ್ರಶ್ನೆಯನ್ನು ನಾನು ಬಹಳ ವರ್ಷ ಕೇಳಿಕೊಳ್ಳಲಿಲ್ಲ.

ಮಂಜು ನೀರಿನ ಮೇಲೇ ಮಲಗಿತ್ತು. ಆಚೆ ದಡ ಇರಲಿಲ್ಲ. ಎಲ್ಲೋ ಒಂದು ನೀರುಕೋಳಿ ಕೂಗಿ ನಿಲ್ಲಿಸುತ್ತಿತ್ತು, ಮತ್ತೆ ಕೂಗುತ್ತಿತ್ತು. ಕಾಲುಗಳು ತಮ್ಮಷ್ಟಕ್ಕೆ ತೂಬಿನ ಮೂಲೆಗೆ ನಡೆದವು. ಆ ಬೆಳಗಿನಲ್ಲಿ ಯಾವುದೂ ನಿಜವಾಗಿ ನಡೆಯುತ್ತಿದೆ ಅನ್ನಿಸುತ್ತಿರಲಿಲ್ಲ. ನಿದ್ದೆಯಲ್ಲಿ ನಡೆದ ಹಾಗಿತ್ತು — ಆದರೆ ನಾನು ನಿದ್ದೆಯಲ್ಲಿ ಇರಲಿಲ್ಲ. ಮರಿಗಳು ಆಗಲೇ ಬೆರಳಿನ ಗೆಣ್ಣಿನಷ್ಟಾಗಿದ್ದವು. ಮೇಲೆ ಬಂದವು, ಉಸಿರು ತೆಗೆದುಕೊಂಡವು, ಇಳಿದವು. ಕೆಳಗೆ ಆ ನೆರಳು.

ಕೆಂಪು ಚೀಟಿ ಎದುರಿಗೇ ಇತ್ತು. ದಾರ ತಂತಿಗೆ ಸಿಕ್ಕಿಕೊಂಡೀತು, ಬಿಚ್ಚಿಡೋಣ ಅಂದುಕೊಂಡೆ. ಆಮೇಲೆ ಇನ್ನೊಂದು ಯೋಚನೆ ಬಂತು, ಅದು ನನ್ನನ್ನು ಪೂರ್ತಿ ಗೆದ್ದಿತು: ಸಹಿ ಯಾರದು? ನನ್ನದು. ಸಹಿ ಮಾಡಿದವರು ಬಿಚ್ಚಬಹುದು. ಅದೇ ನಿಯಮ! ಅಷ್ಟು ವರ್ಷ ನಾನು ಕಾದ ನಿಯಮ ಆ ಮಂಜಿನಲ್ಲಿ ನನ್ನ ಪರವಾಗಿ ಬಂದು ನಿಂತಿತು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ತಂತಿ ಬಿಚ್ಚಿದೆ, ಚೀಟಿಯನ್ನು ಪರ್ಸಿಗೆ ಹಾಕಿದೆ.

ಮೂರನೇ ಎಸೆತ. ಕಪ್ಪೆ ಮರಿಗಳ ನಡುವೆ ಬಿತ್ತು. ನೀರು ಸಿಡಿಯಿತು. ಒಂದು, ಎರಡು ಎಂದು ನಾನು ಎಣಿಸಲಿಲ್ಲ. ತಕ್ಷಣ ಎಳೆದೆ. ಏಕೆಂದರೆ ಕಾಯುವ ಮೀನು ನುಂಗುವುದಿಲ್ಲ, ಕಚ್ಚಿ ದೂರ ಬಿಸಾಡುತ್ತದೆ; ಎಣಿಸುತ್ತ ಕೂತರೆ ತಪ್ಪಿಸಿಕೊಳ್ಳುತ್ತದೆ. ನನ್ನ ಕೈಗೆ ಅದು ಗೊತ್ತಿತ್ತು. ಕನಸಿನ ಹಾಗಿತ್ತು, ತಿಳಿಯದೆ ಆಯಿತು, ಕೈತಪ್ಪಿ ಅಲ್ಲಿ ಬಿತ್ತು — ಏನು ಬೇಕಾದರೂ ಹೇಳಬಹುದಿತ್ತು. ಆ ಕೈ ಎಣಿಸಲಿಲ್ಲ. ಅಷ್ಟು ಸಾಕು.

ಮೂರು ಕಿಲೋ ಮೇಲಿತ್ತು. ಕೋಲು ಬಾಗಿ ತುದಿ ನೀರು ಮುಟ್ಟಿತು, ರೀಲು ಕಿರುಚಿತು. ಸುಳ್ಳು ಏಕೆ ಹೇಳಲಿ — ಆ ಕೆಲವು ನಿಮಿಷ ನನಗೆ ಬಹಳ ಸಂತೋಷವಾಗಿತ್ತು. ಅಷ್ಟು ಸಂತೋಷ ಮತ್ತೆ ಯಾವ ನೀರಿನಲ್ಲೂ ಸಿಗಲಿಲ್ಲ. ದಡಕ್ಕೆ ಎಳೆದು, ಮೀನನ್ನು ಎತ್ತಿಕೊಂಡು ಏರಿಯ ಆ ತುದಿಗೆ ನಡೆದೆ. ಜಾಲಿ ಮರದ ಮುಂದೆ ನಿಂತು ಫೋನಿನಲ್ಲಿ ಫೋಟೋ ತೆಗೆದುಕೊಂಡೆ, ಕೆರೆ ಯಾವುದೆಂದು ಗುರುತು ಸಿಗಬಾರದು ಎಂದು. ಅಷ್ಟು ಬುದ್ಧಿ ಓಡುತ್ತಿತ್ತು ನನಗೆ. ಸಂಜೆ ಯಜಮಾನರು ಉಂಡು ಭಾಳ ರುಚಿ ಐತಿ ಅಂದರು. ನನಗೆ ಹಸಿವಿಲ್ಲ ಎಂದು ಮಜ್ಜಿಗೆ ಅನ್ನ ಉಂಡೆ.

ಮರುದಿನ ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಹೋದೆ. ತೂಬಿನ ಮೂಲೆಯಲ್ಲಿ ಎಲ್ಲರೂ ನಿಂತಿದ್ದರು. ಚೀಟಿ ಇಲ್ಲ, ನೆರಳಿಲ್ಲ. ಅಲ್ಲೊಂದು ಇಲ್ಲೊಂದು ಮರಿ ದಿಕ್ಕು ತಪ್ಪಿ ಸುತ್ತುತ್ತಿತ್ತು. ಕೊಕ್ಕರೆಗಳು ಜೊಂಡಿನ ಆಚೆ ಕಾದು ನಿಂತಿದ್ದವು. ಮತ್ತು ಕೆಸರಿನಲ್ಲಿ ತುಂಬ — ಆ ಮೂಲೆಯ ಈ ಕಡೆಯಿಂದ ಆ ಕಡೆಗೆ, ಹೋಗಿ ಬಂದು, ಹೋಗಿ ಬಂದು — ಬರಿಗಾಲಿನ ಹೆಜ್ಜೆಗಳು. ನನ್ನ ಚಪ್ಪಲಿಯ ಗುರುತು ಅವುಗಳ ಕೆಳಗೆ ಎಲ್ಲೋ ಅಳಿಸಿಹೋಗಿತ್ತು. ನಮ್ಮಲ್ಲಿ ಬರಿಗಾಲಲ್ಲಿ ಬರುತ್ತಿದ್ದವನು ಒಬ್ಬನೇ.

ಬಸಣ್ಣ ಏನನ್ನೂ ಮುಚ್ಚಿಡಲಿಲ್ಲ. “ಹೌದ್ರಿ, ನಿನ್ನಿ ಮಧ್ಯಾಹ್ನ ಬಂದಿದ್ದೆ. ಮಳಿಗೆ ಕೆಲಸ ನಿಂತಿತ್ತು. ನಾ ಬರೂದ್ರಾಗ ಚೀಟಿ ಇದ್ದಿಲ್ರಿ, ದೊಡ್ಡ ಮೀನಾ ಇದ್ದಿಲ್ಲ. ಕೊಕ್ಕರಿ ಮರಿ ಹೆಕ್ಕಾಕತ್ತಿದ್ವು. ಹೊತ್ತು ಮುಳುಗೂತನಾ ಹೆಂಟಿ ಒಗದು ಓಡಿಸೀನ್ರಿ.”

ಯಾರೋ ಕಿಸಕ್ಕನೆ ನಕ್ಕರು. ಅರ್ಧ ದಿನ ಕೆಸರಲ್ಲಿ ಓಡಾಡಿ ಕೊಕ್ಕರೆ ಓಡಿಸಿದನಂತೆ! ಕೂಲಿ ಬಿಟ್ಟು ಎರಡು ಬಸ್ಸು ಹಿಡಿದು ಬಂದು! ಅದು ನಿಜ ಎಂದು ಅಲ್ಲಿ ತಿಳಿದಿದ್ದವಳು ನಾನೊಬ್ಬಳೇ.

ಕುಲಕರ್ಣಿಯವರು ಗದರಲಿಲ್ಲ, ಗದರಿದ್ದರೆ ವಾಸಿಯಿತ್ತು. “ಬಸಣ್ಣಾ, ತಿಂದಿದ್ರ ತಿಂದೀನಿ ಅನ್ನು. ಸುಳ್ಳ ಯಾಕಪಾ?” ಅಂದರು.

ಅವನು ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಇನ್ನೂ ಹೆದರಿಕೆ ಇರಲಿಲ್ಲ, ಭರವಸೆ ಇತ್ತು — ನಾನಿದ್ದೇನಲ್ಲ ಎಂದು. “ಅಕ್ಕಾರ, ನೀವಾರ ಹೇಳ್ರಿ. ನಮ್ಮ ಭೀಮಾ ದಂಡ್ಯಾಗ ಮರಿ ಕಾಯೂ ಮೀನಾ ಯಾರರ ಹಿಡೀತಾರೇನ್ರಿ?”

ಎಲ್ಲರೂ ನನ್ನನ್ನೇ ನೋಡಿದರು. ಪರ್ಸು ನನ್ನ ಕಂಕುಳಲ್ಲಿತ್ತು, ಚೀಟಿ ಅದರೊಳಗಿತ್ತು. ನಾನು ಹೇಳಿದೆ:

“ಹೊಟ್ಟಿ ಹಸದಾಗ ರೀತಿ ರಿವಾಜು ಎಲ್ಲಿ ನೆನಪಿರ್ತೈತ್ರಿ ಸರ. ಬಿಡ್ರಿ, ಬಡವರ ಮಗಾ.”

ಇದೇ ಆ ಮಾತು. ಗೊತ್ತಿಲ್ಲ ಅಂದಿದ್ದರೆ ಅವನ ಮೇಲೆ ಅನುಮಾನವಷ್ಟೇ ಉಳಿಯುತ್ತಿತ್ತು. ನಾನು ಅವನ ಪರ ವಹಿಸಿದವಳ ಹಾಗೆ, ಕರುಣೆಯ ದನಿಯಲ್ಲಿ, ಅವನೇ ಕಳ್ಳ ಎಂದು ಸಹಿ ಹಾಕಿಕೊಟ್ಟೆ. ಕಟ್ಟುವುದು ನನ್ನ ಕೆಲಸವಲ್ಲವೇ — ಅವನಿಗೂ ಒಂದು ಕೆಂಪು ಚೀಟಿ ಕಟ್ಟಿದೆ.

ಬಸಣ್ಣ ನನ್ನನ್ನು ನೋಡಿದ, ಸಿಟ್ಟಿನಿಂದ ಅಲ್ಲ; ದಾರಿ ತಪ್ಪಿದವನು ಗುರುತಿನ ಮರ ಹುಡುಕುವ ಹಾಗೆ. ಆಮೇಲೆ ಬಿದಿರಿನ ಕೋಲನ್ನು ಜೊಂಡಿಗೆ ಒರಗಿಸಿಟ್ಟು ಏರಿ ಹತ್ತಿ ಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಕೋಲು ಅಲ್ಲೇ ಇತ್ತು, ದೀಪಾವಳಿಯ ಹೊತ್ತಿಗೆ ಯಾರೋ ಒಲೆಗೆ ಒಯ್ದರು.

ನನ್ನ ಬದುಕು ಮಾತ್ರ ಚೆನ್ನಾಗಿ ನಡೆಯಿತು. ತಿಂಗಳಾದ ಮೇಲೆ ಆ ಫೋಟೋ ತೋರಿಸಿದೆ — ಬೀದರಿನ ತಂಗಿಯ ಮನೆಗೆ ಹೋದಾಗ ಕಾರಂಜಾ ಹಿನ್ನೀರಿನಲ್ಲಿ ಸಿಕ್ಕಿತು ಎಂದು. ಕುಲಕರ್ಣಿಯವರು ಪ್ರಿಂಟ್ ಹಾಕಿಸಿ ತಮ್ಮ ಡೈರಿಯಲ್ಲಿ ಅಂಟಿಸಿಕೊಂಡರು. ಜಿಲೇಬಿ ಎಂಬ ಮಾತು ನಿಂತಿತು. ವರ್ಷ ಕಳೆದಂತೆ ಮಾದಾಪುರದ ಐಟಿ ಹುಡುಗರು, ಹುಡುಗಿಯರು ರಜೆಯಲ್ಲಿ ಕಲಿಯಲು ಬರತೊಡಗಿದರು. ನಾನು ಗುರುವಾದೆ. ಕಪ್ಪೆ ಎಸೆಯುವುದನ್ನು, ಎಣಿಸುವುದನ್ನು ಕಲಿಸಿದೆ. ಮರಿ ಕಾಯುವ ಮೀನನ್ನು ಮುಟ್ಟಬಾರದು ಎಂದೂ ಕಲಿಸಿದೆ — ಹೌದು, ನಾನೇ — ಉದಾಹರಣೆಗೆ ಬಸಣ್ಣನ ಕಥೆ ಹೇಳಿಕೊಂಡು. ಹಿಂದೆ ಒಬ್ಬ ಸೆಂಟ್ರಿಂಗ್ ಕೆಲಸದವನು ಇದ್ದ, ಪಾಪ, ಹಸಿವಿಗೆ...

ಆ ಹುಡುಗಿಯರಲ್ಲಿ ಹುಬ್ಬಳ್ಳಿಯ ದೀಪಾ ಎಲ್ಲರಿಗಿಂತ ಚುರುಕು. ಒಂದು ವರ್ಷ ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಅವಳೇ ಹಟ ಹಿಡಿದು ನಮ್ಮನ್ನು ಮಲ್ಪೆಗೆ ಕರೆದೊಯ್ದಳು. ದೋಣಿ ದಡ ಬಿಟ್ಟು ಎರಡು ತಾಸಾದ ಮೇಲೆ ಸುತ್ತ ನೀಲಿ ಬಿಟ್ಟರೆ ಏನೂ ಇರಲಿಲ್ಲ. ಕಡಲಿನ ಗಾಳ ಬೇರೆಯೇ ವಿದ್ಯೆ: ಕೊಕ್ಕೆ ಕಟ್ಟಿದ ಸೀಸದ ಹುಸಿ ಮೀನನ್ನು ತಳದ ಬಂಡೆಯ ತನಕ ಇಳಿಸಬೇಕು, ಆಮೇಲೆ ತೋಳು ಸೋಲುವ ತನಕ ಜಗ್ಗಿ ಜಗ್ಗಿ ಮೇಲೆ ತರಬೇಕು, ತಳದಲ್ಲಿ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ತಿಳಿಯುತ್ತದೆ. ದಾರ ಇಳಿಯುತ್ತಲೇ ಇತ್ತು, ಇಳಿಯುತ್ತಲೇ ಇತ್ತು. “ಆಂಟಿ, ಆ ದೊಡ್ಡ ಕೊರಮೀನಾ ಹೆಂಗ ಹಿಡದ್ರಿ, ಇನ್ನೊಮ್ಮೆ ಹೇಳ್ರಿ” ಅಂದಳು ದೀಪಾ. ಅಷ್ಟು ನೀರಿನ ಮೇಲೆ, ಯಾರೂ ಇಲ್ಲದ ಕಡೆ, ನಿಜ ಹೇಳಿಬಿಡೋಣ ಅನ್ನಿಸಿತು. ಬಾಯಿ ತೆರೆದೆ. ಕಾರಂಜಾ ಹಿನ್ನೀರಿನ ಕಥೆಯೇ ಬಂತು, ಈ ಸಲ ಅದಕ್ಕೆ ಒಂದು ಮೊಸಳೆಯನ್ನೂ ಸೇರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ದೋಣಿಯ ಅಂಚಿಗೆ ಹೋಗಿ ವಾಂತಿ ಮಾಡಿಕೊಂಡೆ. ಅಲೆಯ ತಲೆಸುತ್ತು ಅಂದುಕೊಂಡರು. ಅಂಬಿಗರ ಮಗಳಿಗೆ ದೋಣಿಯಲ್ಲಿ ತಲೆಸುತ್ತು!

ಇಷ್ಟಾದರೂ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ಕಳೆದ ಶ್ರಾವಣದಲ್ಲಿ ಅದೇ ತೂಬಿನ ಮೂಲೆಯಲ್ಲಿ ಮತ್ತೆ ಮರಿ ಕಂಡವು. ದೀಪಾ ಕೆಂಪು ಚೀಟಿ ಕಟ್ಟಿದಳು. ಒಂದು ಭಾನುವಾರ ನಾನು ತಡವಾಗಿ ಹೋದಾಗ ಅವಳು ಏರಿಯ ಕೆಳಗೆ ಒಬ್ಬ ಕೂಲಿಯವನಿಗೆ ಜೋರಾಗಿ ಹಿಂದಿಯಲ್ಲಿ ಹೇಳುತ್ತಿದ್ದಳು, ಇಲ್ಲಿ ನಿಲ್ಲಬೇಡಿ, ಹೋಗಿ ಎಂದು. ಅವನ ಕೈಯಲ್ಲಿ ದಾರ ಸುತ್ತಿದ ಒಂದು ಡಬ್ಬಿ. ನನ್ನನ್ನು ಕಂಡು ಅವಳು, “ಆಂಟಿ, ಸೈಟಿನ ಮಂದೀನ ಇಲ್ಲೆ ಬಿಡೂದ ಬ್ಯಾಡ ಅಂತ ನಾವ ಗ್ರೂಪಿನ್ಯಾಗ ರೂಲ್ ಮಾಡೇವಿ. ನೀವ ಹೇಳಿದ್ರಲ್ಲಾ, ಹಿಂದ ಒಬ್ಬಾಂವ ಹಂಗ ಮಾಡಿದ್ದಾ ಅಂತ” ಅಂದಳು.

ನಮ್ಮ ಮಾತು ಕೇಳಿ ಆ ಮನುಷ್ಯ ಕನ್ನಡದಲ್ಲೇ ಅಂದ: “ನಾ ಗಾಳ ಹಾಕಿಲ್ರಿ ಅವ್ವಾರ. ಮರಿ ನೋಡಾಕ ನಿಂತೀನ್ರಿ.”

ಬಸಣ್ಣನಿಗೆ ಕಟ್ಟಿದ ಚೀಟಿ ಅವನೊಬ್ಬನ ಮೇಲೇ ಇದೆ ಎಂದುಕೊಂಡಿದ್ದೆ. ಅದು ಈಗ ಮುಖ ಗೊತ್ತಿಲ್ಲದವರ ಕೊರಳಿಗೂ ಬಿದ್ದಿತ್ತು. “ನಿಂದರಲಿ ಬಿಡವಾ, ಅಂವ ನೋಡಲಿ” ಎಂದಷ್ಟೇ ಹೇಳಿ, ಸ್ಕೂಟರ್ ತಿರುಗಿಸಿ ನೇರ ಕುಲಕರ್ಣಿಯವರ ಮನೆಗೆ ಹೋದೆ.

ಅವರಿಗೆ ಈಗ ಮೊಣಕಾಲು ನೋವು, ಕೆರೆಗೆ ಬರುವುದು ನಿಂತಿದೆ. ಕಿಟಕಿಯ ಹತ್ತಿರ ಕೂತು ಹಳೆಯ ರೀಲಿಗೆ ಎಣ್ಣೆ ಹಾಕುತ್ತಿದ್ದರು. ನಾನು ಎಲ್ಲ ಹೇಳಿದೆ — ಕೊಕ್ಕೆ ಚೂಪು ಮಾಡಿದ್ದರಿಂದ ಹಿಡಿದು ಮೊಸಳೆಯ ತನಕ. ಅಂದಿನಿಂದ ಪರ್ಸಿನಲ್ಲೇ ಉಳಿದಿದ್ದ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟೆ. ಬಣ್ಣ ಮಾಸಿತ್ತು, ಸಹಿ ಮಾಸಿರಲಿಲ್ಲ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ಸಹಿ ಓದಿದರು.

“ಹನ್ನೆರಡು ವರ್ಷ ಅಂವನ್ನ ನಾ ಸುಳ್ಳ ಹೇಳಾಂವ ಅಂದುಕೊಂಡೀನಿ, ಯಶೋದಾಬಾಯಿ” ಅಂದರು. “ನನ್ನ ಬಾಯಿಲೆ ಅನಿಸಿದ್ರಿ ನೀವು.”

ಚೀಟಿಯನ್ನು ನನ್ನ ಕಡೆ ಸರಿಸಿದರು. “ಇದು ನನಗ ಬ್ಯಾಡ. ನಿಮ್ಮ ಸಹಿ ಅದ, ನೀವ ಇಟ್ಕೋರಿ.”

ಅಂದಿನಿಂದ ಅವರು ನನ್ನ ಫೋನು ಎತ್ತಿಲ್ಲ. ಎತ್ತಲಿ ಎಂದು ಕೇಳುವ ಹಕ್ಕು ನನಗಿಲ್ಲ.

ಮುಂದಿನ ಭಾನುವಾರ ಏರಿಯ ಮೇಲೆ ಎಲ್ಲರನ್ನೂ ಕೂರಿಸಿ ಇದನ್ನೇ ಹೇಳಿದೆ. ದೀಪಾ ಅತ್ತಳು. ಆಮೇಲೆ ಫೋನು ತೆಗೆದು ವಾಟ್ಸಪ್ ಗುಂಪಿನ ಚಿತ್ರವಾಗಿದ್ದ, ಆ ಮೀನು ಹಿಡಿದು ನಿಂತ ನನ್ನ ಫೋಟೋ ಅಳಿಸಿದಳು, ಸೈಟಿನವರ ಬಗ್ಗೆ ಮಾಡಿದ್ದ ರೂಲನ್ನೂ ಅಳಿಸಿದಳು. ಕೆಲವರು ಈಗ ನನ್ನ ಪಕ್ಕ ಕೂರುವುದಿಲ್ಲ. ಸರಿಯೇ ಅದು.

ಬಸಣ್ಣಾ, ನಿನ್ನನ್ನು ಹುಡುಕಿದೆ. ನೀನು ಸೆಂಟ್ರಿಂಗ್ ಕಟ್ಟಿದ ಕಟ್ಟಡ ಈಗ ಗಾಜಿನದು, ಒಳಗೆ ಹೋಗಲು ಕಾರ್ಡು ಬೇಕು. ಬೆಳಗ್ಗೆ ಕೂಲಿಯವರು ನಿಲ್ಲುವ ಅಡ್ಡಾಗಳಿಗೆ ಹೋಗಿ, ಭೀಮಾ ದಂಡೆಯ ಬಸಣ್ಣ ಗೊತ್ತೇ ಎಂದು ಕೇಳಿದೆ. ಯಾವ ಊರಿನ ಬಸಣ್ಣ ಎಂದು ಅವರು ಕೇಳುತ್ತಾರೆ. ನಾಲ್ಕು ತಿಂಗಳು ನಿನಗೆ ಚಹಾ ಕೊಟ್ಟೆ, ಊರಿನ ಹೆಸರು ಕೇಳಲಿಲ್ಲ. ನೀನು ಎಲ್ಲಿದ್ದರೂ ಇದನ್ನು ಯಾರಾದರೂ ನಿನಗೆ ಓದಿ ಹೇಳಲಿ: ನೀನು ಆ ದಿನ ಹೇಳಿದ್ದೆಲ್ಲ ನಿಜ. ನಿನ್ನ ಮಕ್ಕಳಿಗೂ ಅದು ಗೊತ್ತಾಗಲಿ. ಕ್ಷಮಿಸು ಎಂದು ಬರೆಯಲು ಹೋದೆ, ಮೂರು ಸಲ ಹೊಡೆದುಹಾಕಿದೆ. ಅದು ಇನ್ನೂ ಏನೋ ಕೇಳಿದ ಹಾಗಾಗುತ್ತದೆ.

ಈ ಸಲ ಶ್ರಾವಣ ಬಂದಿದೆ, ತೂಬಿನ ಮೂಲೆಯಲ್ಲಿ ನೀರು ಕೆಂಪಗೆ ನಡುಗುತ್ತಿದೆ. ಹಳ್ಳಿಯವರನ್ನು ಕೇಳಿಕೊಂಡು ನಾನು ದಿನಾ ಬೆಳಗ್ಗೆ ಹೋಗಿ ಕೂರುತ್ತೇನೆ, ಗಾಳವಿಲ್ಲದೆ. ಮಂಜು ಇರುತ್ತದೆ, ಆಚೆ ದಡ ಕಾಣುವುದಿಲ್ಲ. ಕೊಕ್ಕರೆ ಇಳಿದರೆ ಚಪ್ಪಲಿ ಬಿಟ್ಟು ಕೆಸರಿಗೆ ಇಳಿದು ಹೆಂಟೆ ಎಸೆಯುತ್ತೇನೆ, ಈ ಕಡೆಯಿಂದ ಆ ಕಡೆಗೆ ಓಡುತ್ತೇನೆ. ಅರವತ್ತು ದಾಟಿದ ಕಾಲು, ಬೇಗ ಸೋಲುತ್ತದೆ. ಎದ್ದು ಬರುವಾಗ ಮೂಲೆಯ ತುಂಬ ನನ್ನ ಬರಿಗಾಲಿನ ಹೆಜ್ಜೆಗಳು ಇರುತ್ತವೆ. ಯಾವತ್ತೋ ಒಂದು ದಿನ ಅಲ್ಲಿ ಮೀನಿಲ್ಲದೆ ಹೋಗಿ, ಯಾರಾದರೂ ಆ ಹೆಜ್ಜೆ ನೋಡಿ ಕಾಯುವ ಮೀನನ್ನು ಹಿಡಿದವಳು ಇವಳೇ ಎಂದರೆ, ನಾನು ಅಲ್ಲ ಅನ್ನುವುದಿಲ್ಲ.